ಮೋಟಾರ್‌ಸೈಕಲ್ಲಿನ ಬಾಣಂತನ

ನಮ್ಮ ಮನೆಯಲ್ಲಿ ಶಾಸ್ತ್ರೋಕ್ತವಾಗಿ ಬಾಣಂತನ ಅಂತ ನಡೆದದ್ದು ಒಂದೇ ಒಂದು. ಅದು ಅಪ್ಪನ ಮೋಟಾರ್‌ಸೈಕಲ್ಲಿನದು. ಸ್ಟಾಫ್‌ರೂಮಿನಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ನಾನು ಹಿರೇಕೆರೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ನನಗೆ ಸುಳ್ಳು ಹೇಳುವ ಅಭ್ಯಾಸ ಇಲ್ಲ, ಸಿಟ್ಟು ಮಾಡುವ ಅಭ್ಯಾಸ ಮಾತ್ರ ಇದೆ. ಈ ಸಂಗತಿಯಲ್ಲಿ ನನ್ನ ಸಿಟ್ಟಿಗೆ ಸಾಕಷ್ಟು ಕೆಲಸ ಸಿಕ್ಕಿತು.

ಆ ಗಾಡಿ ನನಗಿಂತ ಎರಡು ವರ್ಷಕ್ಕೆ ದೊಡ್ಡದು. ಶಿಗ್ಗಾಂವಿಯ ಕಾಳಿನ ವ್ಯಾಪಾರಿಯೊಬ್ಬರ ಕೈಯಿಂದ ಅಪ್ಪನ ಕೈಗೆ ಬಂದದ್ದು, ನಾನು ಹುಟ್ಟಿದ ವರ್ಷ. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು. ಚಾಲೂ ಮಾಡಬೇಕಾದರೆ ಕಿಕ್ ಹೊಡೆಯುವವನ ಚಪ್ಪಲಿ ಗಟ್ಟಿ ಇರಬೇಕು. ಬಯಲು ರಸ್ತೆಯಲ್ಲಿ ಇಬ್ಬರನ್ನು, ಮೂವರನ್ನು, ಒಮ್ಮೊಮ್ಮೆ ನಡುವೆ ಒಂದು ಹಿಂಡಿ ಚೀಲವನ್ನೂ ಹೊತ್ತು ಓಡುತ್ತಿತ್ತು. ಅದರ ಮಾನ ಹೋಗುತ್ತಿದ್ದದ್ದು ಒಂದೇ ಕಡೆ. ಅವ್ವನ ತವರು ಹಾನಗಲ್ಲಿನಿಂದ ಆಚೆಗೆ ಒಂದು ಸಣ್ಣ ಊರು. ಆ ಊರಿಗೆ ಸ್ವಲ್ಪ ಮುಂಚೆ ಒಂದು ದಿಬ್ಬ ಬರುತ್ತದೆ. ಆ ದಿಬ್ಬ ಇಬ್ಬರನ್ನು ಕೂಡಿಸಿಕೊಂಡು ಹತ್ತುವುದು ಗಾಡಿಯಿಂದ ಆಗುತ್ತಿರಲಿಲ್ಲ.

ದಿಬ್ಬದ ಬುಡಕ್ಕೆ ಬಂದಾಗ ಇಂಜಿನ್ನು ಗೊರಗೊರ ಅನ್ನುತ್ತಿತ್ತು. ಅಪ್ಪ ಹಿಂದೆ ತಿರುಗದೆ ಎಡ ಹೆಗಲನ್ನು ಒಮ್ಮೆ ಅಲ್ಲಾಡಿಸುತ್ತಿದ್ದ. ಅವ್ವ ಇಳಿಯುತ್ತಿದ್ದಳು. ಒಂದು ಮಾತಿಲ್ಲ, ಕತೆಯಿಲ್ಲ. ಗಾಡಿ ಹಗುರಾಗಿ ಮೇಲೆ ಹೋಗುತ್ತಿತ್ತು. ಮೇಲಿನ ಚಹದ ಅಂಗಡಿಯಲ್ಲಿ ಅಪ್ಪ ಕಾಯುತ್ತಿದ್ದ, ಅವ್ವ ಕಾಲು ತಾಸು ಬಿಟ್ಟು ನಡೆದುಕೊಂಡು ಬರುತ್ತಿದ್ದಳು. ಸಣ್ಣಾಕಿಯಿದ್ದಾಗ ನಾನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಅಪ್ಪನ ತೋಳಿನ ಸಂದಿಯಿಂದ ಹಿಂದೆ ನೋಡುತ್ತಿದ್ದೆ. ಅವ್ವ ರಸ್ತೆಯ ಅಂಚಿನಲ್ಲಿ ಸಣ್ಣಗಾಗುತ್ತ ಸಣ್ಣಗಾಗುತ್ತ ಹೋಗುತ್ತಿದ್ದಳು. ಅವಳನ್ನು ಬಿಟ್ಟೇಬಿಟ್ಟೆವು ಅಂತ ಒಮ್ಮೆ ಅತ್ತದ್ದು ನೆನಪಿದೆ.

ಆ ಚಹದ ಅಂಗಡಿಯ ಕಟ್ಟೆಯ ಮೇಲೆ ಸೋದರಮಾವ, ಅಂದರೆ ಅವ್ವನ ತಮ್ಮ, ಬಹುತೇಕ ಕೂತೇ ಇರುತ್ತಿದ್ದ. ಪ್ರತಿ ಸಲ ಒಂದೇ ಪ್ರಶ್ನೆ.

"ಏನ್ರಿ ಮಾವಾರ, ಗಾಡಿ ನಿಮಗೊಬ್ಬರಿಗೇ ಏನು? ನಮ್ಮಕ್ಕ ಯಾವಾಗ ಹತ್ತಾಕಿ?"

ಅವನು ಚೇಷ್ಟೆಗೆ ಕೇಳುತ್ತಿದ್ದ, ಕಟ್ಟೆಯ ಮೇಲಿದ್ದವರು ಚೇಷ್ಟೆಗೆ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಆದರೆ ಆ ಮಾತು ಮೂವತ್ತು ವರ್ಷ ಅವನ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿಯಿತು. "ಒಂದ ಸಲ. ನಿಮ್ಮವ್ವನ್ನ ಹಿಂದ ಕೂಡಿಸ್ಕೊಂಡು ಒಂದ ಸಲ ಆ ದಿಬ್ಬ ಹತ್ತಿ ಅವನ ಮುಂದ ನಿಂದ್ರಬೇಕು ನೋಡು," ಅಂತ ನನ್ನ ಮುಂದೆ ಎಷ್ಟೋ ಬಾರಿ ಹೇಳಿದ್ದಾನೆ. ಹೊಸ ಗಾಡಿ ಕೊಡಿಸುತ್ತೇನೆ ಅಂದರೆ ಒಲ್ಲೆ ಅನ್ನುತ್ತಿದ್ದ. ಮಾನ ಹೋದದ್ದು ಇದೇ ಗಾಡಿಯ ಮೇಲೆ, ಬರಬೇಕಾದದ್ದೂ ಇದರ ಮೇಲೆಯೇ.

ನಡುವೆ ನಾನೊಂದು ತಪ್ಪು ಮಾಡಿದೆ. ಹೊಸದಾಗಿ ಸ್ಕೂಟರ್ ತಗೊಂಡಾಗ ಅವ್ವನನ್ನು ಕೂಡಿಸಿಕೊಂಡು ತವರಿಗೆ ಹೋದೆ. ಸ್ಕೂಟರ್ ಆ ದಿಬ್ಬವನ್ನು ದಿಬ್ಬ ಅಂತ ಎಣಿಸಲೇ ಇಲ್ಲ. ಮೇಲೆ ಬಂದಾಗ ಅವ್ವ, "ಆತೇನು? ಇಷ್ಟ ಏನು?" ಅಂದಳು. ಹೊಗಳಿದಳು ಅಂದುಕೊಂಡೆ. ಊರಿಗೆ ಮರಳಿದಾಗ ಅಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಅವ್ವ ನನ್ನ ಸ್ಕೂಟರ್ ಹತ್ತಲಿಲ್ಲ. "ಅವರ ಮನಸಿಗೆ ಹತ್ತೂದಿಲ್ಲ, ಬ್ಯಾಡ ಬಿಡು," ಅಂದಳು. ಮೂರನೆಯ ದಿನ ಅಪ್ಪ ಗಾಡಿ ತಗೊಂಡು ಸವಣೂರಿಗೆ ಹೊರಟ. ದಾರಿಯಲ್ಲಿ ಕೆಟ್ಟು ನಿಂತರೆ ಇರಲಿ ಅಂತ ನಾನು ಸ್ಕೂಟರಿನಲ್ಲಿ ಬೆನ್ನು ಹತ್ತಿದೆ.

ಇಂಥ ಹಳೆಯ ಗಾಡಿಯ ಸಿಲಿಂಡರನ್ನು ಕೊರೆದು ಬೋರ್ ಮಾಡಿ ಹೊಸ ಪಿಸ್ಟನ್ ಕೂಡಿಸಬಲ್ಲ ಮಿಸ್ತ್ರಿ ಈ ಸುತ್ತಿನಲ್ಲಿ ಸವಣೂರಿನಲ್ಲಿ ಒಬ್ಬರೇ ಉಳಿದಿದ್ದಾರೆ. ಬಿಳಿ ಗಡ್ಡ, ದವಡೆಯಲ್ಲಿ ಸದಾ ತಮ್ಮೂರಿನ ವೀಳ್ಯದೆಲೆ. ಇಂಜಿನ್ನು ಬಿಚ್ಚಿ, ಪಿಸ್ಟನ್ನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅದರ ರಿಂಗುಗಳು ಸವೆದು ಬ್ಲೇಡಿನ ಹಾಗಾಗಿದ್ದವು.

"ಯಜಮಾನ್ರ, ಇಷ್ಟ ದಿನ ಇದು ಪೆಟ್ರೋಲಿನ ಮ್ಯಾಲ ಓಡಿಲ್ಲ. ನಿಮ್ಮ ಹಟದ ಮ್ಯಾಲ ಓಡೈತಿ," ಅಂದರು.

ಅಪ್ಪ ಅದನ್ನು ಹೊಗಳಿಕೆ ಅಂತಲೇ ತಗೊಂಡ. "ಪಿಕಪ್ ಬೇಕ್ರಿ. ದಿಬ್ಬ ಹತ್ತಬೇಕು, ಇಬ್ಬರನ್ನ ಕೂಡಿಸ್ಕೊಂಡು. ಅಷ್ಟ."

ಒಂದು ವಾರ ಕೆಲಸ ನಡೆಯಿತು. ಸಿಲಿಂಡರ್ ಬೋರ್ ಆಯಿತು, ಒಂದು ಸೈಜು ದೊಡ್ಡ ಪಿಸ್ಟನ್ ಬಂತು. ಹೊಗೆ ಹೋಗುವ ದಾರಿಯನ್ನು ಕಾನಸು ಹಾಕಿ ಉಜ್ಜಿ ಅಗಲ ಮಾಡಿದರು. ಸೈಲೆನ್ಸರನ್ನು ಬೆಂಕಿಯಲ್ಲಿ ಸುಟ್ಟಾಗ ಅದರೊಳಗಿಂದ ಮೂವತ್ತು ವರ್ಷದ ಮಸಿಯ ಜೊತೆ ಒಂದು ಕಣಜದ ಗೂಡೂ ಉದುರಿತು. ಹಿಂದಿನ ಚಕ್ರಕ್ಕೆ ನಾಲ್ಕು ಹಲ್ಲು ಹೆಚ್ಚಿರುವ ಪಲ್ಲೆ, ಅಂದರೆ ಚೈನು ಕೂಡುವ ಗಾಲಿ, ಹಾಕಿದರು. ಕೊನೆಗೆ ಮಿಸ್ತ್ರಿ ಚಾಲೂ ಮಾಡಿ ಕ್ಲಚ್ ಬಿಟ್ಟದ್ದೇ ತಡ, ಗಾಡಿ ಅವರನ್ನು ಅರ್ಧ ಬಿಟ್ಟು ತಾನೇ ಮುಂದೆ ಜಿಗಿಯಿತು. ಅಂಗಡಿಯ ಮುಂದೆ ಕಟ್ಟಿದ್ದ ಆಡು ಹಗ್ಗ ಹರಿದುಕೊಂಡು ಓಡಿತು. ಅಪ್ಪನ ಮುಖ ಹೇಗಾಗಿತ್ತೆಂದರೆ, ಹತ್ತನೇ ಇಯತ್ತೆಯಲ್ಲಿ ನಾನು ಶಾಲೆಗೇ ಮೊದಲು ಬಂದಾಗಲೂ ಹಾಗಾಗಿರಲಿಲ್ಲ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಹೊರಡುವ ಮುಂದೆ ಮಿಸ್ತ್ರಿ ಅಪ್ಪನ ಕೈ ಹಿಡಿದು ಹೇಳಿದರು.

"ಒಂದ ಮಾತು ನೆಪ್ಪಿರ್ಲಿ. ಹೊಸಾ ಪಿಸ್ಟನ್ನು, ಹೊಸಾ ಬೋರು. ಇನ್ನ ಒಂದಕ್ಕೊಂದು ಹೊಂದಿಕಿ ಇಲ್ಲ. ಸಾವಿರ ಕಿಲೋಮೀಟರ್ ತನಕ ಹಸಿ ಬಾಣಂತಿ ಅಂತ ತಿಳೀರಿ. ಮೂವತ್ತೈದರ ಮ್ಯಾಲ ಓಡಿಸಬ್ಯಾಡ್ರಿ. ಹಿಂದ ಯಾರನ್ನೂ ಕೂಡಿಸಬ್ಯಾಡ್ರಿ. ದಿಬ್ಬ ಅಂತೂ ಬ್ಯಾಡೇ ಬ್ಯಾಡ."

ಬೇರೆ ಯಾರೇ ಆಗಿದ್ದರೂ ಇದನ್ನು ಒಂದು ಮಾತು ಅಂತ ಕೇಳಿ ಬಿಡುತ್ತಿದ್ದರು. ಅಪ್ಪ ಅಪ್ಪಣೆ ಅಂತ ತಗೊಂಡ.

ಕೊಟ್ಟಿಗೆಯಲ್ಲಿರುತ್ತಿದ್ದ ಗಾಡಿ ಪಡಸಾಲೆಗೆ ಬಂತು. ಗಾಳಿ ಬಡಿಯಬಾರದೆಂದು ಕಿಟಕಿಗೆ ಗೋಣಿತಟ್ಟು, ಬಾಗಿಲ ಕಡೆಗೆ ಹಗ್ಗ ಕಟ್ಟಿ ಕಂಬಳಿಯ ಪರದೆ. ಸಂಜೆಗೆ ಇಂಜಿನ್ನಿನ ಮೇಲೆ ಹಳೆಯ ಕೌದಿ. ನೋಡಲು ಬಂದವರು ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಮೊದಲನೇ ದಿನವೇ ಅಪ್ಪ ಕಾರ್ಬೊರೇಟರಿಗೆ ಗಾಳಿ ಹೋಗುವ ಬಾಯಿಗೆ ಹತ್ತಿ ತುರುಕಿದ, ಬಾಣಂತಿಯ ಕಿವಿಗೆ ಇಡುವ ಹಾಗೆ. ಮರುದಿನ ಮುಂಜಾನೆ ನಲವತ್ತು ಕಿಕ್ ಹೊಡೆದರೂ ಗಾಡಿ ಚಾಲೂ ಆಗಲಿಲ್ಲ. ಅಪ್ಪ ಬೆವರಿ ಕೆಳಗೆ ಕೂತು, ದೃಷ್ಟಿ ಆಗಿರಬೇಕು ಅಂದ. ಅವ್ವ ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದಳು. ನಾನು ಹತ್ತಿ ಕಿತ್ತೆ. ಒಂದೇ ಕಿಕ್ಕಿಗೆ ಚಾಲೂ ಆಯಿತು. ಅವ್ವ ಹೇಗೂ ತಂದಿದ್ದೇನಲ್ಲ ಅಂತ ದೃಷ್ಟಿಯನ್ನೂ ತೆಗೆದಳು.

ಹೊಸ ಪಿಸ್ಟನ್ನಿಗೆ ಆಯಿಲ್ ಹೆಚ್ಚು ಹಾಕಬೇಕಾದ್ದರಿಂದ ಹೊಗೆ ಬಹಳ. ಪಡಸಾಲೆ ತುಂಬ ಹೊಗೆ ಎದ್ದಾಗ ಪಕ್ಕದ ಮನೆಯ ಚಿಗವ್ವ ಪರದೆ ಸರಿಸಿ ಇಣುಕಿ, "ಲೋಬಾನ ಹಾಕಾಕತ್ತೀರೇನು? ಕೂಸು ಗಂಡೋ ಹೆಣ್ಣೋ?" ಅಂತ ಕೇಳಿದಳು. ಮರುದಿನ ಚೇಷ್ಟೆಗೆ ಬಾಣಂತಿಗೆ ಕೊಡುವ ಅಂಟಿನುಂಡಿಯನ್ನು ಒಂದು ಡಬ್ಬಿ ಮಾಡಿಕೊಂಡು ಬಂದಳು. ಅಪ್ಪ ಗಂಭೀರವಾಗಿ ಎರಡೂ ಕೈಯಿಂದ ತಗೊಂಡು ಅವ್ವನ ಕಡೆ ಚಾಚಿದ.

ಅವ್ವ ಡಬ್ಬಿ ತೆಗೆದು, ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನ ಅಗಿದು ನುಂಗಿ ಹೇಳಿದಳು: "ಇದು ಹುಟ್ಟಿದಾಗ ನನಗ ಹದಿಮೂರನೇ ದಿನಕ್ಕ ಸಗಣಿ ಬುಟ್ಟಿ ಹೊರಿಸಿದ್ರು."

ಇದು ಅಂದರೆ ನಾನು. ಅಪ್ಪ ಕೌದಿಯ ಚುಂಗು ಸರಿಮಾಡುತ್ತ ಕೂತ. ಅವ್ವ ಇನ್ನೊಂದು ಉಂಡಿ ತಗೊಂಡಳು. ಆ ಡಬ್ಬಿಯನ್ನು ಅವಳೊಬ್ಬಳೇ ನಾಲ್ಕು ದಿನದಲ್ಲಿ ಖಾಲಿ ಮಾಡಿದಳು, ನನಗೂ ಒಂದು ಕೊಡಲಿಲ್ಲ.

ಇನ್ನು ಸಾವಿರ ಕಿಲೋಮೀಟರ್ ಎಣಿಸುವುದು ಹೇಗೆ? ಮೀಟರಿನ ಮುಳ್ಳು ನಾನು ಹೈಸ್ಕೂಲಿನಲ್ಲಿ ಕಲಿಯುತ್ತಿದ್ದಾಗಲೇ ಮಲಗಿತ್ತು. ಹೊಸದು ಹಾಕಿಸೋಣ ಅಂದೆ. ಅಪ್ಪ ಕೇಳಲಿಲ್ಲ. ರಸ್ತೆಯ ಬದಿಗೆ ಸರ್ಕಾರದವರು ಕಲ್ಲು ನೆಟ್ಟಿರುವುದು ಯಾತಕ್ಕೆ ಅಂದ. ಹತ್ತು ಕಲ್ಲು ದಾಟಿದರೆ ಒಂದು ಹುಣಸೆ ಬೀಜ. ಮನೆಗೆ ಬಂದು ಇಂತಿಷ್ಟು ಅಂತ ಹೇಳುವುದು, ಅವ್ವ ಅಷ್ಟು ಬೀಜಗಳನ್ನು ದೇವರ ಗೂಡಿನ ಹಿತ್ತಾಳೆ ಚಂಬಿಗೆ ಹಾಕುವುದು. ನೂರು ಬೀಜ ಆದ ದಿನ ಬಾಣಂತನ ಮುಗಿಯಿತು, ಅವ್ವ ಹಿಂದೆ ಕೂತಳು, ದಿಬ್ಬ ಹತ್ತಿತು. ಇದು ಅವನ ಲೆಕ್ಕ. ಮೂವತ್ತೈದರ ವೇಗಕ್ಕೂ ಅವನದೊಂದು ಅಳತೆ ಇತ್ತು. ಎಲ್ಲರೂ ತನ್ನನ್ನು ದಾಟಿ ಹೋದರೆ ವೇಗ ಸರಿಯಾಗಿದೆ ಅಂತ ಅರ್ಥ. ಒಂದು ದಿನ ಗೋವಿನಜೋಳ ಹೇರಿದ ಟ್ರಾಕ್ಟರ್ ದಾಟಿ ಹೋಯಿತಂತೆ, ಮನೆಗೆ ಬಂದು ಅದನ್ನು ಹೆಮ್ಮೆಯಿಂದ ಹೇಳಿದ.

ಹೀಗೆ ಆ ವರ್ಷ ನಮ್ಮಪ್ಪ ಹಿರೇಕೆರೂರು, ಹಾನಗಲ್ಲು, ಶಿಗ್ಗಾಂವಿ, ಸವಣೂರು ಅಂತ ಸುತ್ತತೊಡಗಿದ. ಕಲ್ಲು ಹೆಚ್ಚು ಸಿಗಲೆಂದು ಕೆಲವೊಮ್ಮೆ ರಟ್ಟೀಹಳ್ಳಿ ಕಡೆಯಿಂದ ಬಳಸಿ ಹೋಗುತ್ತಿದ್ದ. ಕೆಲಸ ಏನೂ ಇಲ್ಲ, ಕಲ್ಲು ಎಣಿಸುವುದಷ್ಟೇ. ಯಾರಾದರೂ ನಮಸ್ಕಾರ ಮಾಡಿ ಲೆಕ್ಕ ತಪ್ಪಿಸಿದರೆ ಹಿಂದಿನ ಊರಿಗೆ ಮರಳಿ ಮತ್ತೆ ಮೊದಲಿನಿಂದ. ಓಣಿಯ ಜನ ಅವನಿಗೆ ಕೆಲಸ ಹೇಳಲು ಶುರು ಮಾಡಿದರು. ಗಾಡಿಗೆ ಭಾರ ಆಗಬಾರದೆಂದು ಅವನು ಹಗುರ ಕೆಲಸಗಳನ್ನು ಮಾತ್ರ ಒಪ್ಪುತ್ತಿದ್ದ. ಸವಣೂರಿನಿಂದ ವೀಳ್ಯದೆಲೆ, ಲಗ್ನಪತ್ರಿಕೆ, ಕಾಲು ಮುರಿದ ಚಸ್ಮಾ. ಒಬ್ಬರು ಕುಂಬಳಕಾಯಿ ಕೊಡಲು ಬಂದಾಗ ಕೈಯಲ್ಲಿ ತೂಗಿ ನೋಡಿ, "ಬಾಣಂತಿಗೆ ಜಡ ಆಕ್ಕೈತ್ರಿ," ಅಂತ ಮರಳಿ ಕೊಟ್ಟ.

ಅವ್ವ ಈಗ ತವರಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಬಸ್ಸು ದಿಬ್ಬದ ಬುಡದಲ್ಲೇ ಇಳಿಸಿ ಬೇರೆ ಕಡೆಗೆ ತಿರುಗುತ್ತದೆ. ಅಪ್ಪ ಬಸ್ಸಿನ ಹಿಂದೆ ಮೂವತ್ತೈದರಲ್ಲಿ ಹೊರಟು, ಅವಳು ತವರು ಮುಟ್ಟಿ ಉಂಡು ಕೈ ತೊಳೆದ ಮೇಲೆ ದಿಬ್ಬದ ಬುಡಕ್ಕೆ ಬಂದು, ಅಲ್ಲಿಂದಲೇ ತಿರುಗಿ ಹೋಗುತ್ತಿದ್ದ. ಯಾತಕ್ಕೆ ಅಂದರೆ, ಕಲ್ಲುಗಳು ಲೆಕ್ಕಕ್ಕೆ ಬಂದವಲ್ಲ ಅನ್ನುತ್ತಿದ್ದ.

ಗೋವಿನಜೋಳ ಮೊಳಕಾಲುದ್ದ ಇದ್ದಾಗ ಶುರುವಾದದ್ದು ಇದು. ತೆನೆ ಬಲಿತು ಮುರಿಯುವ ಕಾಲ ಬಂದರೂ ಚಂಬಿನಲ್ಲಿ ನೂರು ಬೀಜ ಆಗಲಿಲ್ಲ. ನನಗೆ ತಲೆ ಕೆಟ್ಟಿತು. ಅವನು ಸವಣೂರಿಗೆ ಹೋದ ಲೆಕ್ಕ ಒಂದನ್ನೇ ಹಿಡಿದರೂ ಸಾವಿರ ಯಾವಾಗಲೋ ದಾಟಿರಬೇಕು.

"ಅಪ್ಪಾ, ನಿನ್ನ ಸಾವಿರ ಮುಗದು ಭಾಳ ದಿನಾ ಆತು," ಅಂದೆ.

"ಬೀಜ ಎಪ್ಪತ್ತೆರಡ ಅದಾವು. ಎಣಿಸಿ ನೋಡು."

"ಇಲಿ ಒಯ್ದಿರಬೇಕು."

ಅಪ್ಪ ಚಂಬಿನ ಮೇಲೆ ತಟ್ಟೆ ಮುಚ್ಚಿ, ಅದರ ಮೇಲೆ ಒಳ್ಳುಕಲ್ಲಿನ ಗುಂಡು ಇಟ್ಟ. ಮುಂದಿನ ವಾರ ಎಣಿಸಿದರೆ ಅರವತ್ತೊಂಬತ್ತು. ಎಂಟು ವರ್ಷ ಗಣಿತ ಕಲಿಸಿದವಳು ನಾನು, ಹಾಕುತ್ತ ಹೋದರೆ ಕಡಿಮೆಯಾಗುವ ಮೊತ್ತ ಅಲ್ಲಿಯ ತನಕ ನೋಡಿರಲಿಲ್ಲ. ಅಪ್ಪ ಮಾತ್ರ ಬೀಜದ ಮೇಲೆ ಅನುಮಾನ ಪಡಲಿಲ್ಲ. ತಾನೇ ಎಲ್ಲೋ ಕಲ್ಲು ತಪ್ಪಿ ಎಣಿಸಿರಬೇಕೆಂದು ಇನ್ನೂ ನಿಧಾನ ಓಡಿಸತೊಡಗಿದ. ಬಿಸಿಲಿಗೆ ಅವನ ಮುಖ ಕರ್ರಗಾಗಿತ್ತು. ಒಂದು ರವಿವಾರ ಇಬ್ಬರೂ ಹೊಲಕ್ಕೆ ಹೋದಾಗ ಅಡುಗೆಮನೆಯ ಗಡಿಗೆಯಿಂದ ಹುಣಸೆ ಬೀಜ ತೆಗೆದು, ನೂರು ತುಂಬುವಷ್ಟು ಎಣಿಸಿ ಚಂಬಿಗೆ ಹಾಕಿದೆ.

ಸಂಜೆ ಅಪ್ಪ ಎಣಿಸಿದ. ಮೂರು ಸಲ ಎಣಿಸಿದ. ಎದ್ದು ಹೋಗಿ ಗಾಡಿಯ ಮೇಲಿನ ಕೌದಿಯನ್ನು ತೆಗೆದು ಮಡಚಿ ಇಟ್ಟ. ಅವ್ವ ಚಂಬನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಒಳ್ಳೆಯ ಕೆಲಸ ಮಾಡಿದವರನ್ನು ಹಾಗೆ ನೋಡುವುದಿಲ್ಲ ಅಂತ ನನಗೆ ಅನ್ನಿಸಿತು.

ಮುಂದಿನ ರವಿವಾರ ಹೊರಟೆವು. ಗಾಡಿಗೆ ಅರಿಷಿಣ ಕುಂಕುಮ ಹಚ್ಚಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು ಹಾಯಿಸಿದ್ದಾಯಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ, ಅವ್ವ ಇಳಕಲ್ ಸೀರೆ. ನಾನು ಸ್ಕೂಟರಿನಲ್ಲಿ ಹಿಂದೆ. ಗಾಡಿ ನಿಜಕ್ಕೂ ಹೂ ಎತ್ತಿದಂತೆ ಓಡುತ್ತಿತ್ತು. ದಿಬ್ಬದ ಬುಡ ಬಂತು. ಅಪ್ಪ ಗೇರ್ ಇಳಿಸಿ, ವೇಗ ತಗ್ಗಿಸಿ, ಏರಿಗೆ ಸಿದ್ಧನಾಗಿ ಹೆಗಲು ನೇರ ಮಾಡಿಕೊಂಡ. ಅವ್ವ ಇಳಿದುಬಿಟ್ಟಳು.

ಅಪ್ಪನಿಗೆ ಗೊತ್ತೇ ಆಗಲಿಲ್ಲ. ಹೊಸ ಪಿಸ್ಟನ್ನು ಅಬ್ಬರಿಸಿತು, ಗಾಡಿ ದಿಬ್ಬ ಹತ್ತಿ ತಿರುವಿನಲ್ಲಿ ಮರೆಯಾಯಿತು. ಮೇಲೆ ನಡೆದದ್ದನ್ನು ಸೋದರಮಾವ ಆಮೇಲೆ ಹೇಳಿದ. ಅಪ್ಪ ಚಹದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಹಿಂದೆ ನೋಡದೆ, ಕಟ್ಟೆಯ ಮೇಲಿದ್ದ ಎಲ್ಲರಿಗೂ ಕೇಳುವ ಹಾಗೆ, "ನೋಡ್ರೆಪಾ, ಇಬ್ಬರು ಕುಂತೇವಿ. ಹಿಂದ ಭಾರ ಐತಿ ಅನ್ನೂದ ಗೊತ್ತಾಗ್ಲಿಲ್ಲ," ಅಂದನಂತೆ. ಸೋದರಮಾವ ಎದ್ದು ಬಂದು ಖಾಲಿ ಸೀಟನ್ನು ಎರಡೂ ಕಡೆಯಿಂದ ನೋಡಿ, "ಎಲ್ಲಿ ಚೆಲ್ಲಿ ಬಂದ್ರಿ ಮಾವಾರ?" ಅಂತ ಕೇಳಿದನಂತೆ.

ಕೆಳಗೆ ನಾನು ಸ್ಕೂಟರ್ ನಿಲ್ಲಿಸಿದ್ದೆ. "ಯವ್ವಾ, ಯಾಕ ಇಳದಿ?"

"ಹೆಗಲು ಅಲ್ಲಾಡ್ತು," ಅಂದಳು. ಆಗಲೇ ನಡೆಯಲು ಶುರು ಮಾಡಿದ್ದಳು.

ಅಷ್ಟರಲ್ಲಿ ಅಪ್ಪ ಗಾಡಿ ತಿರುಗಿಸಿಕೊಂಡು ಬಂದ. ಮುಖ ಸಣ್ಣದಾಗಿತ್ತು. "ಕುಂದ್ರು. ಮತ್ತೊಮ್ಮಿ ಹೋಗೂಣು," ಅಂದ. ಅವ್ವ ಗಾಡಿ ಹತ್ತಲಿಲ್ಲ. ರಸ್ತೆಯಂಚಿನ ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಬೀಜ ನಾನ ತಗೀತಿದ್ದೆ," ಅಂದಳು.

ಅಪ್ಪ ಗಾಡಿ ಬಂದ್ ಮಾಡಿದ.

"ಅಲ್ಲಿ ಹೋದ್ರ ಅಲ್ಲಿ ಕೆಲಸ, ಇಲ್ಲಿ ಬಂದ್ರ ಇಲ್ಲಿ ಕೆಲಸ. ನಡುವ ಇದೊಂದ ಕಾಲು ತಾಸು ನಂದಿತ್ತು. ಯಾರೂ ನೀರು ಕೇಳೂದಿಲ್ಲ, ರೊಟ್ಟಿ ಕೇಳೂದಿಲ್ಲ. ಈ ಕಲ್ಲಿನ ಮ್ಯಾಲ ಕುಂತು ನಮ್ಮವ್ವನ ಮುಂದ ಏನು ಹೇಳೂದು, ಏನು ಹೇಳಬಾರದು ಅಂತ ವಿಚಾರ ಮಾಡತಿದ್ದೆ. ನಮ್ಮವ್ವ ಹೋದ ಮ್ಯಾಲೂ ಕುಂದರತಿದ್ದೆ. ಅದನ್ನೂ ಒಯ್ದು ಮಿಸ್ತ್ರಿ ಕೈಯಾಗ ಕೊಟ್ರಿ."

ಅಪ್ಪ ಸೀಟಿನ ಮೇಲಿಂದಲೇ ಕೇಳಿದ: "ಮೂವತ್ತು ವರ್ಷದಾಗ ಒಂದ ಸಲ ಹೇಳಬಾರದಾಗಿತ್ತೇನು?"

"ನೀವು ಕೇಳಿದ್ರೇನು? ಹೆಗಲು ಅಲ್ಲಾಡಸ್ತಿದ್ರಿ."

ನನಗೆ ಸ್ಕೂಟರಿನ ದಿನ ಅವಳು ಅಂದ "ಇಷ್ಟ ಏನು?" ನೆನಪಾಗಿ, ಚಂಬಿಗೆ ಬೀಜ ಹಾಕಿದ ಕೈಯನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅವ್ವ ಎದ್ದು ಸೀರೆ ಕೊಡವಿ ನಡೆಯತೊಡಗಿದಳು. ಅಪ್ಪ ಗಾಡಿ ಚಾಲೂ ಮಾಡಲಿಲ್ಲ. ಇಳಿದು, ಹ್ಯಾಂಡಲ್ ಹಿಡಿದು, ಅವಳ ಹಿಂದೆ ನೂಕಿಕೊಂಡು ಹೊರಟ. ಅವನು ಏನೋ ಹೇಳಲು ಬಾಯಿ ತೆರೆದದ್ದು ಅವಳಿಗೆ ಹೇಗೆ ತಿಳಿಯಿತೋ, ತಿರುಗದೆಯೇ, "ಮಾತಾಡಬ್ಯಾಡ್ರಿ ಮತ್ತ," ಅಂದಳು. ನನಗೆ ಮುಂದೆ ಹೋಗು ಅಂತ ಕೈ ಮಾಡಿದಳು.

ನಾನು ಮುಂದೆ ಹೋದೆ. ಸ್ಕೂಟರಿನ ಕನ್ನಡಿಯಲ್ಲಿ ಅವ್ವ ಮುಂದೆ, ಹತ್ತು ಹೆಜ್ಜೆ ಹಿಂದೆ ಅಪ್ಪ ಮತ್ತು ಗಾಡಿ, ಮೂವರೂ ಸಣ್ಣಗಾಗುತ್ತ ಕಾಣುತ್ತಿದ್ದರು. ಆ ಗಾಡಿ ಇಬ್ಬರನ್ನು ಹೊತ್ತು ಆ ದಿಬ್ಬ ಹತ್ತುತ್ತದೋ ಇಲ್ಲವೋ ನಮಗೆ ಇವತ್ತಿಗೂ ಗೊತ್ತಿಲ್ಲ.

ಕಾಲು ತಾಸು ಬಿಟ್ಟು ಅವ್ವ ಮೇಲೆ ಬಂದಳು. ಅವಳ ಹಿಂದೆ ಅಂಗಿ ಬೆವರಿನಿಂದ ಮೈಗೆ ಅಂಟಿದ ಅಪ್ಪ. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತಿದ್ದರು.

"ಏನ್ರಿ ಮಾವಾರ," ಅಂದ ಸೋದರಮಾವ, "ಇಷ್ಟೆಲ್ಲಾ ಮಾಡ್ಸಿ ಈಗ ನೀವೂ ನಡಕೋತ ಬರೂ ಹಂಗಾತೇನು?"

ಅಪ್ಪ ಸ್ಟ್ಯಾಂಡ್ ಹಾಕಿದ. ಉಸಿರು ಬರುವ ತನಕ ಸೀಟಿನ ಮೇಲೆ ಕೈ ಊರಿ ನಿಂತ. ಅವ್ವನ ಕಡೆ ಒಮ್ಮೆ ನೋಡಿ ಹೇಳಿದ:

"ಹೂಂಪಾ. ಬಾಣಂತನ ಇನ್ನ ಮುಗದಿಲ್ಲ."